ಜೀರುಗುಣಿಕೆ

ಬಾಯಲ್ಲಿ ಟಾರ್ಚು ಕಚ್ಚಿದ್ದೇನೆ,
ಹಾಗಾಗಿ ಬೈಗುಳವೆಲ್ಲ ಮೂಗಿನಿಂದ.
ಕಿಲ್ಲಿಬೆಗ್ಸ್ ಬಂದರಿನ ಹಿಂದೆ
ಐಸ್ ಫ್ಯಾಕ್ಟರಿಯ ಗೋಡೆಗೊರಗಿದ ತಗಡಿನ ಶೆಡ್ಡು;
ಬೈಕಿನ ಬಾಲದೆದುರು ಮಂಡಿಯೂರಿದ್ದೇನೆ.
ಅರವತ್ತೊಂದರ ಮಂಡಿ, ಅದಕ್ಕೂ ಒಂದಿಷ್ಟು ಗ್ರೀಸು ಬೇಕು.

ಇಪ್ಪತ್ತಾರು ವರ್ಷ ಟ್ರಾಲರುಗಳ ಹೊಟ್ಟೆಯೊಳಗೆ
ತಂತಿ ಎಳೆದವಳು ನಾನು. ನನ್ನ ಜೋಡಣೆ
ರಾಕಾಲ್ ಆಚೆಗಿನ ಅಲೆಗೂ ಜಗ್ಗಿದ್ದಿಲ್ಲ.
ಈ ಬಾಲದ್ದು ಮಾತ್ರ ಸ್ವಂತ ಕರ್ಮ:
ಆರು ವರ್ಷದ ಕೆಳಗೆ, ಪೋರ್ಚುಗಲ್ಲಿಗೆ ಹೊರಡುವ ಹಿಂದಿನ ರಾತ್ರಿ
ಸಿಕ್ಕಿದ್ದಕ್ಕೆ ಸಿಕ್ಕಿದ್ದು ತಿರುಚಿ, ಕರಿ ಟೇಪು ಸುತ್ತಿ
'ಬಂದಮೇಲೆ ನೋಡಿದರಾಯ್ತು' ಅಂದಿದ್ದೆ.
ಬಂದೆ. ಮತ್ತೆ ಹೋದೆ. ಬಂದೆ.
ಟೇಪು ಕರಗಿ ಕಾಕಂಬಿಯಾಯ್ತು,
ಉಪ್ಪುಗಾಳಿ ತಾಮ್ರಕ್ಕೆ ಹಸಿರು ಗಡ್ಡ ಬೆಳೆಸಿತು.

ಯಾರಿಗೇನು ನಷ್ಟ? ಡಬ್ಬಿ ಅಲ್ಲೇ ಇತ್ತು, ದೀಪ ಉರಿಯುತ್ತಿತ್ತು.
ಈ ಚಳಿಗಾಲ, ರಾತ್ರಿ ರಕ್ತ ಒಯ್ಯುವವರ ಗುಂಪಿಗೆ
ಹೆಸರು ಕೊಟ್ಟೆ ನೋಡಿ, ಅಲ್ಲಿ ಸಿಕ್ಕಿಬಿದ್ದೆ.
ಶುಕ್ರವಾರ ಪ್ರವಾಸದ ಡಬ್ಬಿ ಇಳಿಯಬೇಕು,
ಅದೇ ಜಾಗಕ್ಕೆ ಕೆಂಪು ತಂಪುಪೆಟ್ಟಿಗೆ ಏರಬೇಕು.
ಮೊದಲ ಕರೆ ಹನ್ನೊಂದೂಕಾಲಿಗೆ:
"ಡಿಂಪ್ನಾ, ಲೆಟರ್‌ಕೆನ್ನಿಯಿಂದ ಸ್ಲೈಗೋಗೆ, ಎರಡು ಚೀಲ."
ನಾಲ್ಕು ಬೋಲ್ಟು, ಒಂದಕ್ಕೆ ತುಕ್ಕು. ಏಳು ತಂತಿ,
ಯಾವುದು ಯಾವುದರದ್ದೋ ದೇವರಿಗೇ ಗೊತ್ತು.
ಐವತ್ತು ನಿಮಿಷ.
ಅಷ್ಟರಲ್ಲಿ ಫಿಯಾಕ್ರಾ ಬೇರೆ ಯಾರನ್ನೋ ಕಳಿಸಿಯಾಗಿತ್ತು.
ಯಾರೂ ಸಾಯಲಿಲ್ಲ. ಯಾರೂ ಬೈಯಲಿಲ್ಲ.
ಬೈದಿದ್ದರೆ ನಿದ್ದೆಯಾದರೂ ಬರುತ್ತಿತ್ತು.

ಅಪ್ಪ ಬಲೆ ಕಟ್ಟುತ್ತಿದ್ದ. ಓದುಬರಹ ಅಷ್ಟಕ್ಕಷ್ಟೆ.
ಗಂಟು ಹಾಕಿ, ನನ್ನ ಕಣ್ಣಿಗೆ ಟವೆಲು ಸುತ್ತಿ, 'ಬಿಚ್ಚು' ಅನ್ನುವನು.
'ಕಟ್ಟಿದ್ದನ್ನು ಕುರುಡಿಯೂ ಬಿಚ್ಚುವಂತಿರಬೇಕು,
ಕಡಲಿಗೆ ಮಾತ್ರ ಬಿಚ್ಚಲು ಬರಬಾರದು.'
ಹೊರೆ ಬಿದ್ದಷ್ಟೂ ಬಿಗಿ, ತುದಿ ಜಗ್ಗಿದರೆ ಸರ್ರನೆ ಸಡಿಲ.
ಜೀರುಗುಣಿಕೆ.
ಬಿಗಿಯುವುದಷ್ಟೇ ಕೆಲಸ ಅಂದುಕೊಂಡೆ ಇಷ್ಟು ವರ್ಷ.

ಕತ್ತರಿಸಿದೆ,
ಹಸಿರು ಹೋಗಿ ಹೊಳೆವ ತಾಮ್ರ ಕಾಣುವವರೆಗೆ.
ಒಂದೊಂದಕ್ಕೂ ಹಿತ್ತಾಳೆಯ ಮೊಳೆ, ರಬ್ಬರಿನ ಕೊರಳಪಟ್ಟಿ;
ಇಕ್ಕಳದಲ್ಲಿ ಒತ್ತಿ, ಎಳೆದು ನೋಡಿ, ನಂಬದೆ ಮತ್ತೆ ಎಳೆದು,
ಏಳನ್ನೂ ಒಂದೇ ಪ್ಲಗ್ಗಿನಲ್ಲಿ ಕೂರಿಸಿದೆ.
ಏಳನೆಯದು ಓರ್ಲಾಳ ಬಿಸಿ ಜಾಕೆಟ್ಟಿನದು.
ಪಿರೆನೀಸ್ ಏರುವಾಗ ಬೆನ್ನಿಗೆ ಕುಟ್ಟಿ
'ಇನ್ನೊಂಚೂರು ಕಾವು ಕೊಡೇ ಅಕ್ಕ' ಅನ್ನುತ್ತಿದ್ದಳು.
ಈಗವಳಿಗೆ ಅವಳದೇ ಬೈಕು, ನನ್ನದಕ್ಕಿಂತ ದೊಡ್ಡದು.
ಆ ಮನೆ ಖಾಲಿ ಬಿಡಬಹುದಿತ್ತು.
ತಂತಿ ಕೂರಿಸಿ, ಫ್ಯೂಸು ಹಾಕಿ, ಮುಚ್ಚಿದೆ. ಕೇಳಬೇಡಿ.

ಬೋಲ್ಟುಗಳ ಜಾಗಕ್ಕೆ ಮುಂದೆರಡು ಕೊಕ್ಕೆ,
ಹಿಂದೆ, ಗುಜರಿ ದೋಣಿಯಿಂದ ಕಿತ್ತ ಚಿಲಕ.
ಬ್ರೇಕು ಒತ್ತಿದರೆ ಎಡಗಡೆಯ ಹಳದಿ ದೀಪ ಹತ್ತಿತು.
ಪಕ್ಕದ ಶೆಡ್ಡಿನ ಕೊನಾಲ್ ಬಿದ್ದು ಬಿದ್ದು ನಕ್ಕ:
"ನಿಲ್ಲುವಾಗಲೆಲ್ಲ ಎಡಕ್ಕೇ ತಿರುಗುತ್ತೀಯಾ?"
ಎರಡು ಮೊಳೆ ಅದಲುಬದಲು. ಮತ್ತೆ ಬೈಗುಳ, ಮೂಗಿನಿಂದ.

ಆಮೇಲೆ ಕಣ್ಣಿಗೆ ಮಫ್ಲರು ಕಟ್ಟಿಕೊಂಡು ಎಣಿಸು ಅಂದೆ ಹುಡುಗನಿಗೆ.
ಪ್ಲಗ್ಗು: ಟಕ್. ಚಿಲಕ: ಠಕ್.
ಡಬ್ಬಿ ತೋಳಿಗೆ ಬಂತು, ತೂಕಡಿಸುವ ಮಗುವಿನ ಭಾರ.
ನಲವತ್ತು, ಅಂದ ಕೊನಾಲ್.
ಅವನು ನಿಧಾನಕ್ಕೆ ಎಣಿಸಿದ್ದನೆಂದು ಇಬ್ಬರಿಗೂ ಗೊತ್ತು.

ಶುಕ್ರವಾರ ಫೋನು ಬಂತು, ಹೋದೆ.
ಬಾರ್ನ್ಸ್‌ಮೋರ್ ಕಣಿವೆಯಲ್ಲಿ ಗಾಳಿ ಹೊಡೆತಕ್ಕೆ ಬೈಕು ಹೊಯ್ದಾಡಿತು,
ಹಿಂದಿನ ಕೆಂಪುಪೆಟ್ಟಿಗೆ ಮಿಸುಕಲಿಲ್ಲ.
ಐದಕ್ಕೆ ವಾಪಸು. ಬೆಂಚಿನ ಮೇಲೆ ಪ್ರವಾಸದ ಡಬ್ಬಿ
ಮುಚ್ಚಳ ತೆರೆದೇ ಬಿಟ್ಟಿದ್ದೆನಲ್ಲ,
ಒಳಗೆ ಬಂದರಿನ ಬೂದು ಬೆಕ್ಕು, ಮೂರು ಮರಿ,
ಇನ್ನೂ ಕಣ್ಣು ಬಿಟ್ಟಿಲ್ಲ.

ಈಸ್ಟರಿಗೆ ಸ್ಪೇನು ಅಂದಿದ್ದೆ ಓರ್ಲಾಗೆ.
ಇರಲಿ, ಬಂದಮೇಲೆ, ಅಲ್ಲ,
ಮೇಲೆ ನೋಡಿದರಾಯ್ತು.