ದೇಶವನ್ನು ಆರಿಸಿ

ಶಾರ್ಜಾ, ರೋಲಾದ ಹಿಂಬದಿ, ಮೂರನೇ ಮಾಳಿಗೆ.
ಆರು ಮಂಚಕ್ಕೆ ಒಂದೇ ಟಿವಿ.
ಅದರ ಎಡಕ್ಕೆ ನೌಫಲನ ಬಿಳಿಯದು,
ಮದುವೆಗೆ ಇಸ್ತ್ರಿ ಹಾಕಿದ ಅಂಗಿಯಂತೆ ಕಾಲರ್ ಎತ್ತಿಕೊಂಡು.
ಬಲಕ್ಕೆ ವಿಲ್ಲಿಯ ಕರಿಯದು,
ಪುಟ್ಟ ಫ್ರಿಜ್ಜಿನ ಹಾಗೆ, ಸುಮ್ಮನೆ.

ಇಬ್ಬರೂ ನನ್ನನ್ನೇ ಕೇಳುತ್ತಾರೆ:
ದೇಜಣ್ಣ, ನೀವು ಹೇಳಿ, ಯಾವುದು ಮೇಲು?

ನಾನು ಆಡುವವನಲ್ಲ, ಟೈಪಿಂಗ್ ಸೆಂಟರಿನವನು.
ಕಂಡವರ ಹೆಸರು, ಕಂಡವರ ಅಪ್ಪನ ಹೆಸರು,
ಪಾಸ್‌ಪೋರ್ಟು ಮುಗಿಯುವ ತಾರೀಕು
ಹತ್ತೊಂಬತ್ತು ವರ್ಷ ಬಡಿದು ಬೆರಳು ಮೊಂಡಾದವನು.
ಕೋಳಿ ಅಂಕದಲ್ಲಿ ತೀರ್ಪು ಹೇಳಲು
ಕೋಳಿ ಇಲ್ಲದವನೇ ಬೇಕಲ್ಲ.

ಸರಿ, ಹೇಳುತ್ತೇನೆ.

ಕರಿಯದಕ್ಕೆ ಚಂದಾ ಕಟ್ಟಿದರೆ
ನೂರಾರು ಆಟ ಒಟ್ಟಿಗೇ ಎಲೆಗೆ ಬೀಳುತ್ತವೆ.
ವಿಲ್ಲಿ ಎಲ್ಲದರಲ್ಲೂ ಒಂದೊಂದು ತುತ್ತು ತಿಂದು
ಕೈ ತೊಳೆಯುತ್ತಾನೆ.
ನೌಫಲನದು ಮೂರು ವರ್ಷದಿಂದ ಒಂದೇ ಫುಟ್ಬಾಲು,
ದಿನವೂ ಅದೇ ಖುಬ್ಬೂಸು, ಅದೇ ಹಸಿವು.

ಬಿಳಿಯದರ ಕಂಟ್ರೋಲರಿನಲ್ಲಿ
ಆಟದೊಳಗೆ ಮಳೆ ಬಂದರೆ ಅಂಗೈ ಹನಿಹನಿಯಾಗಿ ನಡುಗುತ್ತದೆ.
ಆಗಸ್ಟಿನ ಒಂದು ರಾತ್ರಿ, ಹೊರಗೆ ನಲವತ್ತೊಂದು ಡಿಗ್ರಿ,
ವೈರಿ ಬಂದು ಗುಂಡು ಹೊಡೆದು ಹೋದರೂ
ಉಪ್ಪಿನಂಗಡಿಯ ಹುಡುಗ ಅದನ್ನು ಹಿಡಿದು ಕೂತೇ ಇದ್ದ.
ನನಗೂ ಒಂದು ನಿಮಿಷ ಕೊಟ್ಟ.

ಕರಿಯದರದ್ದು ಸೆಲ್ಲಿನ ಸಂಸಾರ.
ಗೋಲಿನ ಬಾಯಲ್ಲೇ ಸಾಯುತ್ತದೆ.
ಒಂದು ಸೆಲ್ಲು ಗೋಡೆಯ ಗಡಿಯಾರದಿಂದ ಕಿತ್ತ,
ಇನ್ನೊಂದು ರೋಮೆಲನ ಟಾರ್ಚಿನಿಂದ.
ಆ ರಾತ್ರಿ ನಮ್ಮ ರೂಮಿಗೆ ಹನ್ನೊಂದೂಕಾಲು ದಾಟಲೇ ಇಲ್ಲ,
ಬೆಳಿಗ್ಗೆ ರೋಮೆಲ್ ಸೂಪರ್‌ವೈಸರನಿಂದ
ಎರಡು ಭಾಷೆಯಲ್ಲಿ ಬೈಸಿಕೊಂಡ.

ಇಷ್ಟಕ್ಕೆ ಸಮ ಸಮ.

ಆದರೆ ಖಾತೆ ತೆರೆಯುವಾಗ ಎರಡೂ ಕೇಳುತ್ತವಲ್ಲ,
ದೇಶವನ್ನು ಆರಿಸಿ, ಎಂದು,
ಅಲ್ಲಿ ಸ್ವಭಾವ ತಿಳಿಯುತ್ತದೆ.
ಬಿಳಿಯದು ಹಟಮಾರಿ: ಆರಿಸಿದ್ದು ಆರಿಸಿದ್ದೇ.
ಬದಲಿಸಬೇಕೆ? ಹೊಸ ಹೆಸರಲ್ಲಿ ಹೊಸದಾಗಿ ಹುಟ್ಟು,
ಗೆದ್ದ ಕಪ್ಪುಗಳನ್ನೆಲ್ಲ ಅಲ್ಲೇ ಬಿಟ್ಟು ಬಾ.
ನೌಫಲ್ ಇಂಡಿಯಾ ಒತ್ತಿದ್ದ.
ಕೆಳಗಿನ ಬಕಾಲದಲ್ಲಿ ಸಿಗುವ ಕಾರ್ಡು
ಇವತ್ತಿಗೂ ಅವನಿಗೆ ನಡೆಯುವುದಿಲ್ಲ.

ಕರಿಯದು ಧಾರಾಳಿ.
ಮೂರು ತಿಂಗಳಿಗೊಮ್ಮೆ ದೇಶ ಬದಲಿಸು, ಕೇಳುವವರಿಲ್ಲ.
ವಿಲ್ಲಿ ಒಂದಷ್ಟು ದಿನ ಟರ್ಕಿಯವ, ಆಮೇಲೆ ಅರ್ಜೆಂಟೀನಾದವ,
ಚಂದಾ ಎಲ್ಲಿ ಅಗ್ಗವೋ ಅಲ್ಲಿಯ ಪ್ರಜೆ.
ಸ್ಪಾನ್ಸರ್ ಇಲ್ಲ, ಮೆಡಿಕಲ್ ಇಲ್ಲ, ಬೆರಳಚ್ಚಿಲ್ಲ.
ನಾನು ನಕ್ಕು ಹೇಳಿದ್ದೆ:
ಮಾರಾಯ, ಹೀಗಾದರೆ ನನ್ನ ಅಂಗಡಿ ಮುಚ್ಚಬೇಕಾದೀತು.

ಮುಚ್ಚಿದ್ದು ಅವನ ಕಂಪನಿ, ರಂಜಾನಿನ ಮುಂಚೆ.
ಕ್ಯಾನ್ಸಲೇಷನ್ನಿನ ಅರ್ಜಿ ನಾನೇ ಬಡಿದೆ.
ವಿಲ್ಫ್ರೆಡ್ ಡಿಸಿಲ್ವಾ. ಅಪ್ಪ, ಗ್ರೆಗರಿ ಡಿಸಿಲ್ವಾ.
ರಾಷ್ಟ್ರೀಯತೆಯ ಪಟ್ಟಿ ಕೆಳಗಿಳಿಯುವಾಗ
ಅರ್ಜೆಂಟೀನಾ ಮೇಲೆಯೇ ಹಾದುಹೋಯಿತು.
ಸ್ಟೂಲಿನ ಮೇಲೆ ಕೂತಿದ್ದ ವಿಲ್ಲಿ,
ಒತ್ತಿಬಿಡಿ ದೇಜಣ್ಣ, ಅಂದ.
ನಾವಿಬ್ಬರೂ ನಗಲಿಲ್ಲ. ನಾನು ಟೈಪಿಂಗ್ ಚಾರ್ಜು ತೆಗೆದುಕೊಳ್ಳಲಿಲ್ಲ.

ಮೂವತ್ತು ಕಿಲೋ ಲಗೇಜಿನಲ್ಲಿ
ಹಾಲಿನ ಪುಡಿಗೂ ಕಂಬಳಿಗೂ ಜಾಗವಾಯಿತು,
ಕರಿಯದಕ್ಕೆ ಆಗಲಿಲ್ಲ.

ಈಗ ನೌಫಲ್ ತನ್ನದಕ್ಕೆ ಟವಲ್ ಹೊದಿಸಿ
ಅದನ್ನೇ ಆನ್ ಮಾಡುತ್ತಾನೆ.
ಪುನಃ ಸ್ವಾಗತ, ವಿಲ್ಲಿ, ಅನ್ನುತ್ತದೆ ಪರದೆ.
ಇವನು ತಿದ್ದುವುದಿಲ್ಲ.

ವಿಲ್ಲಿ ಫೋನು ಮಾಡುವುದು ಕಡಿಮೆ.
ಕೆಲಸ ಸಿಕ್ಕಿತೋ ಇಲ್ಲವೋ ಹೇಳಬೇಕಾಗುತ್ತದಲ್ಲ.
ಆದರೆ ಇಲ್ಲಿ ರಾತ್ರಿ ಹತ್ತಾದಾಗ, ಅಲ್ಲಿ ಹನ್ನೊಂದೂವರೆಗೆ,
ಶಿರ್ವದಲ್ಲಿ ತಂಗಿಯ ಮಗನ ಪೆಟ್ಟಿಗೆಯಲ್ಲಿ
ಅವನು ತನ್ನ ಹೆಸರೊತ್ತಿ ಒಳಗೆ ಬಂದನೋ,
ಇಲ್ಲಿ ಗೋಲಿನ ಮುಂದೆ ಚೆಂಡು ಹಿಡಿದ ನೌಫಲ್ ಹೊರಗೆ.
ಈ ಖಾತೆ ಬೇರೆಡೆ ಬಳಕೆಯಲ್ಲಿದೆ.

ಥೂ, ಎಂದು ಕಂಟ್ರೋಲರ್ ಮಂಚಕ್ಕೆಸೆದು
ನನ್ನ ಕಡೆ ತಿರುಗುತ್ತಾನೆ, ಮುಖವೆಲ್ಲ ಹಲ್ಲು:
ಬಂದ ನೋಡಿ, ದೇಜಣ್ಣ!
ಊಟ ಆಗಿರಬೇಕು.