ಎರಡನೆಯವಳು

ನಮ್ಮ ಕಿಸ್ಸಿ ಜನರಲ್ಲಿ ಹೆಸರೇ ಲೆಕ್ಕ.
ಮೊದಲ ಮಗಳು ಸಿಯಾ, ಎರಡನೆಯವಳು ಕುಂಬಾ,
ಮೂರನೆಯವಳು ಫಿಂಡಾ.
ಮೊದಲ ಮಗ ಸಾಹ್ರ್, ಆಮೇಲಿನವನು ಟಾಂಬಾ.
ಹಾಗಾಗಿ ನನ್ನ ಪಟ್ಟಿಯಲ್ಲಿ ಒಂಬತ್ತು ಟಾಂಬಾ:
ದರ್ಜಿ ಟಾಂಬಾ, ದೋಣಿಯ ಟಾಂಬಾ,
ಒಂದು ಕಿವಿ ಕೇಳದ ಟಾಂಬಾ,
ಕೇಳಿಸಿದರೂ ಮುಖ ತಿರುಗಿಸುವ ಟಾಂಬಾ.
ಫ್ರೀಟೌನಿನಿಂದ ಬಂದ ಸಾಹೇಬ
ಒಬ್ಬನನ್ನೇ ಒಂಬತ್ತು ಸಲ ಬರೆದಿದ್ದೀಯ ಎಂದು
ಎಂಟು ಹೆಸರು ಹೊಡೆದುಹಾಕಿದ.
ರಾತ್ರಿ ಬುಡ್ಡಿ ಹಚ್ಚಿಕೊಂಡು ಕೂತು
ಎಂಟನ್ನೂ ಮತ್ತೆ ಬರೆದೆ.

ಶಾಲೆ ಮುಚ್ಚಿದ ಮೇಲೆ
ಲೆಕ್ಕದ ಟೀಚರಿಗೆ ಸಿಕ್ಕ ಕೆಲಸ ಇದು.
ಅಳತೆಗೆ ದೊಡ್ಡದಾದ ರಬ್ಬರ್ ಬೂಟು, ಕಾರ್ಬನ್ ಹಾಳೆಯ ಪುಸ್ತಕ,
ಪಿಸ್ತೂಲಿನಂಥ ಥರ್ಮಾಮೀಟರು.
ಹಣೆಗೆ ಹಿಡಿದರೆ ಸಾಕು,
ಯುದ್ಧ ಕಂಡ ಮುದುಕರು ತಾವಾಗಿ ಕೈ ಮೇಲೆತ್ತುತ್ತಾರೆ.
ಇಳಿಸು ಅಜ್ಜ, ಮೂವತ್ತಾರು ಪಾಯಿಂಟ್ ಎಂಟು, ಏನಿಲ್ಲ, ಎನ್ನುತ್ತೇನೆ.
ಇಳಿಸುವುದಿಲ್ಲ.
ನಾನು ಅಂಗಳ ದಾಟುವವರೆಗೂ
ಕೈ ಅಲ್ಲೇ, ಗಾಳಿಯಲ್ಲಿ.

ಸೂಲಗಿತ್ತಿ ಮುಸು ಸತ್ತ ಮರುದಿನದಿಂದ
ಮನೆಮನೆಗೆ ಹೋಗಿ ಕೇಳಿದ್ದು ಇಷ್ಟೇ:
ತಲೆ ಬಾಚಿದ್ದು ಯಾರು? ಬಾಯಿಗೆ ನೀರು ಬಿಟ್ಟದ್ದು?
ಮೈ ತೊಳೆದದ್ದು? ತೊಳೆದ ನೀರು ಹೊರಗೆ ಚೆಲ್ಲಿದ್ದು?
ಅವಳ ಚಾಪೆಯ ಮೇಲೆ ಆಮೇಲೆ ಮಲಗಿದ್ದು?
ಬೇರೆ ಕಾಲವಾದರೆ ಇದು ಪುಣ್ಯದ ಪಟ್ಟಿ,
ನಾನು, ನಾನು ಎಂದು ಮುಂದೆ ಬರುತ್ತಿದ್ದರು,
ಅವಳು ಹೊಕ್ಕುಳಬಳ್ಳಿ ಕತ್ತರಿಸದ ಮನುಷ್ಯ
ಈ ದಂಡೆಯಲ್ಲಿ ಯಾರಿದ್ದಾನೆ?
ಈಗ ಎಲ್ಲರೂ ದೂರ ನಿಂತವರೇ.
ಹಾಗಾದರೆ ಹೆಣ ತನ್ನ ಮೈ ತಾನೇ ತೊಳೆದುಕೊಂಡಿತೇ,
ಎಂದುಬಿಟ್ಟೆ ಒಂದು ಮನೆಯಲ್ಲಿ.
ಅನ್ನಬಾರದಿತ್ತು.
ಅಲ್ಲಿ ಇವತ್ತಿಗೂ ನನಗೆ ಸ್ಟೂಲು ಹಾಕುವುದಿಲ್ಲ.

ಐದನೆಯ ದಿನ, ಮೋವಾ ನದಿಯ ಪಕ್ಕದ ಕೊನೆಯ ಮನೆ.
ಮರಗೆಣಸಿನ ಸೊಪ್ಪು ಕುಟ್ಟುತ್ತಿದ್ದ ಒನಕೆ ನಿಂತಿತು.
ಮಕ್ಕಳೆಷ್ಟು?
ಇಬ್ಬರು. ಇವಳು ಸಿಯಾ. ಇದು ಫಿಂಡಾ.
ಬರೆದೆ. ಬರೆದು ನೋಡಿದೆ.
ಒಂದು, ಮೂರು.
ಒಂದನೇ ತರಗತಿಯ ಮಗುವೂ
ಬೆರಳಿಟ್ಟು ತೋರಿಸುವ ಜಾಗ.
ಕುಂಬಾ?
ಹುಟ್ಟುತ್ತಲೇ ಹೋಯಿತು.
ಹೋಗುವುದುಂಟು, ಆ ಲೆಕ್ಕ ಈ ಊರಲ್ಲಿ ಬೇರೆಯೇ ಇದೆ.
ಆದರೆ ಫಿಂಡಾ ಒಲೆಯ ಮೇಲಿನ ಅಟ್ಟ ನೋಡಿದಳು.
ತಾಯಿ ಫಿಂಡಾಳನ್ನು ನೋಡಿದಳು.
ನಾನು ಪುಸ್ತಕ ನೋಡಿದೆ.

ಬಿಳಿ ಗಾಡಿ ಹತ್ತಿದವರು
ಈ ಕಡೆಯಿಂದ ಏಳು ಜನ.
ಇಳಿದು ಬಂದವರು ಇನ್ನೂ ಇಲ್ಲ.
ಅದು ಅವಳಿಗೆ ಗೊತ್ತು, ನನಗೂ ಗೊತ್ತು.
ಬೇಗ ಹೋದರೆ ಬದುಕುವವರು ಹೆಚ್ಚು ಎಂದೆ,
ಹೇಳಿಕೊಟ್ಟ ಹಾಗೆ.
ಎಷ್ಟು ಹೆಚ್ಚು? ಎಂದಳು.
ಲೆಕ್ಕದ ಟೀಚರು ನಾನು.
ಬಾಯಿ ಬರಲಿಲ್ಲ.

ಪುಸ್ತಕ ಮುಚ್ಚಿ ಒನಕೆಯ ಪಕ್ಕ ಇಟ್ಟೆ.
ನನ್ನ ಹೆಸರೂ ಕುಂಬಾ, ಎಂದೆ,
ಅಟ್ಟಕ್ಕೆ ಕೇಳುವಷ್ಟು ಗಟ್ಟಿಯಾಗಿ.
ನಮ್ಮ ಸಿಯಾಳನ್ನು ಇದೇ ಜ್ವರದ ಮೊದಲ ವಾರ
ಬಚ್ಚಿಟ್ಟಿದ್ದೆವು. ಚೆನ್ನಾಗಿಯೇ ಬಚ್ಚಿಟ್ಟಿದ್ದೆವು.
ಆಮೇಲೆ ಏನೂ ಹೇಳಲಿಲ್ಲ.
ಕೋಳಿಯೊಂದು ಚೆಲ್ಲಿದ ಸೊಪ್ಪು ಕುಕ್ಕುತ್ತಿತ್ತು.
ತಾಯಿ ಅದನ್ನೂ ಓಡಿಸಲಿಲ್ಲ.

ಮೊದಲು ಹೊಟ್ಟು ಉದುರಿತು,
ಆಮೇಲೆ ಏಣಿಗೆ ಒಂದು ಹಿಮ್ಮಡಿ.
ಹನ್ನೊಂದು ವರ್ಷವಿದ್ದೀತು,
ಮುಸುವಿನ ಕೊನೆಯ ಮೂರು ದಿನ
ಬಾವಿಯ ನೀರು ಹೊತ್ತು ಕೊಟ್ಟವಳು.
ಕೈ ಮೇಲೆತ್ತಲಿಲ್ಲ; ಯುದ್ಧದ ಆಚೆ ಹುಟ್ಟಿದ ಮಗು.
ಕೂದಲು ಸರಿಸಿ ಹಣೆಯೊಡ್ಡಿದಳು.
ಮೂವತ್ತೇಳು ಪಾಯಿಂಟ್ ನಾಲ್ಕು.
ಗೆರೆಯ ಈಚೆ. ಇವತ್ತಿನ ಮಟ್ಟಿಗೆ ಈಚೆ.

ಎರಡು ಹೆಸರುಗಳ ನಡುವೆ ಜಾಗವಿರಲಿಲ್ಲ.
ಅಂಚಿನಲ್ಲಿ ಬರೆದು ಬಾಣ ಎಳೆದೆ.
ಇನ್ನು ಹದಿನಾರು ದಿನ, ದಿನಾ ಬೆಳಿಗ್ಗೆ ಬರುತ್ತೇನೆ,
ನೀನು ಇಲ್ಲೇ ಕೆಳಗೆ ಇರಬೇಕು, ಎಂದೆ.
ತಲೆಯಾಡಿಸಿದಳು.
ಮೇಲೆ ಏನು ಮಾಡುತ್ತಿದ್ದೆ?
ಭತ್ತ ಎಣಿಸುತ್ತಿದ್ದೆ.
ಎಷ್ಟಾಯಿತು?
ಸಾವಿರ ದಾಟಿತ್ತು. ನೀವು ನನ್ನ ಹೆಸರು ಹೇಳಿದಿರಿ,
ತಪ್ಪಿಹೋಯಿತು.