ಐದನೆಯ ಚೀಟಿ

ಹೋಬಾರ್ಟಿನ ಈ ಕೋಣೆಗೆ ಕಿಟಕಿಯಿಲ್ಲ.
ಬೆಳಕು ಬಿದ್ದರೆ ಒಣಗಿದ ಹೂವೂ ಬಣ್ಣ ಬಿಡುತ್ತದೆ.
ನನ್ನ ಕೆಲಸ ಅಂಟು, ಸೂಜಿ, ದಾರ:
ಸತ್ತ ಗಿಡಗಳನ್ನು ಹಾಳೆಗೆ ಹೊಲಿಯುವುದು.

ಇವತ್ತು ಮೇಜಿಗೆ ಬಂದದ್ದು ಹಳೆಯದು,
ದಾರ ಸಡಿಲಾಗಿದೆ, ಮತ್ತೆ ಬಿಗಿಯಬೇಕು.
ಗೇಣುದ್ದದ ರೆಂಬೆ. ಹದಿನೇಳು ಎಲೆ. ಮೂರು ಹಣ್ಣು,
ಮೆಣಸುಕಾಳಿನ ಹಾಗೆ ಕಪ್ಪಗೆ ಮುರುಟಿ.

ಕೆಳಗೆ ಬಲಮೂಲೆಯಲ್ಲಿ ಮೊದಲ ಚೀಟಿ, ೧೮೯೧.
ಹ್ಯೂವನ್ ನದಿಯಾಚೆಯ ಶಾಲೆ ಮೇಷ್ಟ್ರು ಎಬೆನೀಜರ್ ಪಾಸ್ಕೋ
ಹೆಸರು ಬರೆದು ಪಕ್ಕದಲ್ಲೊಂದು ಪ್ರಶ್ನೆಯ ಕೊಕ್ಕೆ ಹಾಕಿದ್ದಾರೆ.
ಹೆಸರು ಮಾಸಿದೆ. ಕೊಕ್ಕೆ ಮಾಸಿಲ್ಲ.

ಅದರ ಮೇಲೆ ೧೯೨೬: "ಅಲ್ಲ" ಎನ್ನುತ್ತದೆ ಇನ್ನೊಂದು ಕೈ,
ಬೇರೆ ಹೆಸರು, ಬೇರೆ ಕುಲ, ದಪ್ಪ ಅಕ್ಷರ, ಕೊಕ್ಕೆಯಿಲ್ಲ.
೧೯೫೮, ಟೈಪ್ ಮಾಡಿದ್ದು: ಮೇಷ್ಟ್ರು ಹೇಳಿದ್ದೇ ಸರಿ. ಅರ್ಧ.
೨೦೦೯: ಎಲೆಯ ಚೂರು ಕತ್ತರಿಸಿ ಒಯ್ದಿದ್ದಾರೆ
(ಎಲ್ಲಿಂದ ಕತ್ತರಿಸಿದ್ದೆಂದು ಬರೆದಿಟ್ಟಿದ್ದಾರೆ),
ವಂಶವಾಹಿ ಓದಿ, ಮತ್ತೊಂದು ಹೆಸರು.

ಯಾವ ಚೀಟಿಯನ್ನೂ ಕೀಳುವಂತಿಲ್ಲ.
ತಪ್ಪಿದವರೂ ಇಲ್ಲಿ ಸಹಿಸಮೇತ ಇರುತ್ತಾರೆ,
ಜಗಳವಾಡಿಯೂ ಒಂದೇ ರೇಷನ್ ಕಾರ್ಡಿನಲ್ಲುಳಿದ
ಅಣ್ಣತಮ್ಮಂದಿರ ಹಾಗೆ.
ಹೆಸರಿಗೆ ಕಿತ್ತಾಡಿದ್ದಾರೆ, ಸರಿ. ಎಲೆ ಎದುರುಬದುರು,
ಹಣ್ಣಿನೊಳಗೆ ಎರಡೇ ಬೀಜ, ಇದಕ್ಕೆ ಯಾರೂ
ನೂರು ವರ್ಷದಲ್ಲಿ ತಕರಾರು ತೆಗೆದಿಲ್ಲ.

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅಂತಾರಲ್ಲ,
ಇಲ್ಲೂ ಹಿಡಿದವರಿಗೆ ಮೂರೇ ಕಾಣುತ್ತದೆ, ಅವರೇನು ದೇವರೇ?
ಆದರೆ ಮೊಲವನ್ನು ಇಲ್ಲೇ ಇಟ್ಟುಹೋಗಬೇಕು,
ಮುಂದೆ ಬಂದವರು ಎಣಿಸಲಿಕ್ಕೆ.

ಹೋದ ಮಾರ್ಚಿನಲ್ಲಿ ಒಂದು ರಾತ್ರಿ, ಆಸ್ಪತ್ರೆಯಿಂದ ಫೋನು:
ನಾಲ್ಕು ವರ್ಷದ ಹುಡುಗ, ಬಾಯೆಲ್ಲ ನೇರಳೆ,
ಮುಷ್ಟಿಯಲ್ಲಿ ಇದೇ ಹಣ್ಣು.
ಬೀಗದ ಕೈ ನನ್ನ ಹತ್ತಿರವಿತ್ತು, ಓಡಿ ಬಂದೆ.
ವಿನಿಫ್ರೆಡ್ ಕಾಲ್ಡರ್ ರಾತ್ರಿಯಂಗಿಯ ಮೇಲೇ ಕೋಟು ಹಾಕಿಕೊಂಡು
ನರ್ಸ್ ಕಳಿಸಿದ ಫೋಟೋವನ್ನು ಹಾಳೆಯ ಪಕ್ಕ ಹಿಡಿದು
ಎಲೆಗೆ ಎಲೆ, ಬೀಜಕ್ಕೆ ಬೀಜ ನೋಡಿ ಹೇಳಿದಳು:
"ಹೆಸರು ಮುಂದಿನ ವರ್ಷ ಬದಲಾದೀತು.
ಹಣ್ಣು ಕೊಲ್ಲುವುದಿಲ್ಲ. ನೀರು ಕುಡಿಸಿ.
ಬೆಳಗಿನ ತನಕ ಕಣ್ಣಿಟ್ಟಿರಿ."

ಕೊಲ್ಲುವುದಿಲ್ಲ ಎಂದವಳು ಯಾಕೆ ಕಣ್ಣಿಡಿ ಎಂದಳು?
ಕಣ್ಣಿಡಿ ಎಂದವಳನ್ನು ಆ ತಾಯಿ ಹೇಗೆ ನಂಬಿದಳು?
ಗೊತ್ತಿಲ್ಲ. ನಂಬಿದಳು.
ಬೆಳಿಗ್ಗೆ ಹುಡುಗ ಟೋಸ್ಟ್ ಕೇಳಿದನಂತೆ,
ಜಾಮ್ ಬೇಡ ಅಂದನಂತೆ.

ಈಗ ಅವಳು ಬರೆದುಕೊಟ್ಟ ಐದನೆಯ ಚೀಟಿ ಅಂಟಿಸುತ್ತಿದ್ದೇನೆ:
"ಮಗುವೊಂದು ಹತ್ತೋ ಹನ್ನೆರಡೋ ಹಣ್ಣು ತಿಂದಿತು.
ತೊಂದರೆಯಾಗಲಿಲ್ಲ. ಒಂದೇ ಪ್ರಕರಣ."
'ಒಂದೇ' ಎಂಬುದರ ಕೆಳಗೆ ಗೆರೆ.

ರೆಂಬೆಯನ್ನು ಚೂರು ಎಡಕ್ಕೆ ಸರಿಸಿ
ದಾರ ಬಿಗಿಯುತ್ತೇನೆ.
ಬಲಗಡೆ, ಮೇಲೆ, ಮೂರು ಬೆರಳು ಜಾಗ ಉಳಿಯಿತು.
ಸಾಕಾಗಬಹುದು.
ಸಾಲದಿದ್ದರೆ ಹಾಳೆಗೆ ಬೆನ್ನೂ ಇದೆ.